ಮೂವರಿಗೆ ಹೊಸದಾಗಿರಬೇಕು

ಕಾಲೇಜು ಮುಗಿದು ಹನ್ನೊಂದು ವರ್ಷವಾಯ್ತು. ನಾಲ್ಕೂ ಜನ ಬೆಂಗಳೂರಿನಲ್ಲೇ ಇದ್ದೇವೆ. ಆದರೂ ಸೇರುವುದು ವರ್ಷಕ್ಕೆ ಮೂರು ಸಲ. ಸೇರಿದಾಗ ಹೋಗುವುದು ಅದೇ ಒಂದು ಹೋಟೆಲು. ಇಬ್ಬರಿಗೆ ದೂರ, ಇಬ್ಬರಿಗೆ ಇನ್ನೂ ದೂರ. ಅಲ್ಲಿನ ಊಟ ಯಾರಿಗೂ ಅಂಥಾ ಇಷ್ಟವೇನಿಲ್ಲ. ಪಾರ್ಕಿಂಗ್ ಸಿಗುತ್ತದೆ, ಅಷ್ಟೇ.

ಜೂನ್‌ನಲ್ಲಿ ಪುಟ್ಟಿ ಹಟ ಹಿಡಿದಳು. ಈ ವಾರಾಂತ್ಯ ಬರೀ ಹೊಸ ಹೋಟೆಲ್‌ಗಳು, ಬೇರೆ ಮಾತಿಲ್ಲ. "ಹೊಸಾದು ಅಂದ್ರ ಏನು? ನಿನ್ನೆ ರಿಬ್ಬನ್ ಕತ್ತರಿಸಿದ್ದಾ?" ಅಂತ ಸಾವ್ಕಾರ ಕೇಳಿದ. ಅದರ ಮೇಲೆ ಅರ್ಧ ಗಂಟೆ ಜಗಳ. ಕೊನೆಗೆ ಒಂದು ನಿಯಮ ಆಯ್ತು. ಒಬ್ಬರು ಕರೆದುಕೊಂಡು ಹೋಗಬೇಕು, ಉಳಿದ ಮೂವರು ಅಲ್ಲಿ ಒಮ್ಮೆಯೂ ತಿಂದಿರಬಾರದು. ಹೋಟೆಲಿಗೆ ಎಂಬತ್ತು ವರ್ಷವಾಗಿದ್ದರೂ ಪರವಾಗಿಲ್ಲ. ಒಂದು ಊಟ ಮಾತ್ರ ನಾಲ್ವರಿಗೂ ಹೊಸದಾಗಿರಬೇಕು.

ಪುಟ್ಟಿ ಬಸವನಗುಡಿಯವಳು, ಆಡಿಟ್ ಕೆಲಸ. ಸಾವ್ಕಾರ ಕಲಬುರಗಿಯವನು, ಕೆಲಸ ಮನೆ ಎರಡೂ ವೈಟ್‌ಫೀಲ್ಡ್‌ನಲ್ಲಿ. ಬಿಲ್ಲು ಬಂದಾಗ ಮೊದಲು ಕೈ ಚಾಚುವವನು ಅವನೇ, ಆಮೇಲೆ ಪರ್ಸು ಹುಡುಕುತ್ತಾ ಕೂರುವವನೂ ಅವನೇ. ಆ ಹೆಸರು ಅದಕ್ಕೇ ಬಂದದ್ದು. ಮಾಣಿ ಕುಂದಾಪುರದವನು, ಮಲ್ಲೇಶ್ವರದಲ್ಲಿ ರೂಮು. ನಾನು ಮಂಡ್ಯದ ಕಡೆ, ಈಗ ವಿಜಯನಗರ.

ಶುಕ್ರವಾರ ಸಂಜೆ

ಮೊದಲ ಸರದಿ ಪುಟ್ಟಿಯದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಲ್ಲಿ ಶುರುವಾದ ಜಾಗ. ನಾವು ಮೂವರೂ ಅಲ್ಲಿ ತಿಂದಿಲ್ಲ ಅಂತ ಗೊತ್ತಾದಾಗ ಅವಳು ನಮ್ಮನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಸಾವ್ಕಾರ ಕಾಡುಗೋಡಿಯಲ್ಲಿ ನೇರಳೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದ. ದಾರಿಯುದ್ದಕ್ಕೂ ನಿಂತೇ ಬಂದವನು. ಮಧ್ಯಾಹ್ನ ಊಟ ಬೇರೆ ಬಿಟ್ಟಿದ್ದ, ದೋಸೆಗೆ ಜಾಗ ಇರಲಿ ಅಂತ. ನಾನೂ ಮಾಣಿಯೂ ಅವನ ಜೊತೆ ಜಿನುಗು ಮಳೆಯಲ್ಲಿ ಹೂವಿನ ಅಂಗಡಿಗಳ ಮುಂದೆ ನಡೆದು ಹೋದೆವು.

ಬಾಗಿಲು ಹಾಕಿತ್ತು.

ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜಾ. ಇದು ಆ ಬಡಾವಣೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಪಕ್ಕದಲ್ಲಿ ಹಣ್ಣು ಮಾರುತ್ತಿದ್ದ ಅಜ್ಜಿ ನಮ್ಮನ್ನು ನೋಡಿ ನಕ್ಕರು. ಹತ್ತು ನಿಮಿಷ ತಡವಾಗಿ ಪುಟ್ಟಿ ಬಂದಳು. ಬಾಗಿಲು ನೋಡಿದಳು, ನಮ್ಮನ್ನು ನೋಡಿದಳು, ನಾಲಿಗೆ ಕಚ್ಚಿಕೊಂಡಳು. ಹುಟ್ಟಿ ಬೆಳೆದದ್ದು ಇಲ್ಲಿಂದ ಮೂರು ರಸ್ತೆ ಆಚೆ. ಆಡಿಟ್ ಮಾಡಿ ಮಾಡಿ ವಾರ ಯಾವುದು ಅಂತಲೇ ಮರೆತಿದ್ದಾಳಂತೆ.

"ಮಂದಿ ಲೆಕ್ಕ ತಪ್ಪು ಅಂತ ಬರೀತಿ, ನಿನ್ನ ಲೆಕ್ಕ ಯಾರು ನೋಡವರು?" ಅಂದ ಸಾವ್ಕಾರ. ಹಸಿದಿದ್ದ, ಪಾಪ.

ಪ್ರಾಯಶ್ಚಿತ್ತಕ್ಕೆ ಅವಳು ನಮ್ಮನ್ನು ವಿ.ವಿ. ಪುರಂ ತಿಂಡಿ ಬೀದಿಗೆ ನಡೆಸಿಕೊಂಡು ಹೋದಳು. ನಡೆದುಕೊಂಡೇ ಹೋಗಬಹುದಾದ ದೂರ, ಆದರೆ ಸಾವ್ಕಾರನಿಗೆ ಅದು ಇನ್ನೊಂದು ವೈಟ್‌ಫೀಲ್ಡ್. ಹಗಲಲ್ಲಿ ಸಾದಾ ರಸ್ತೆ, ಸಂಜೆಯಾದರೆ ಎರಡೂ ಬದಿಗೆ ಹೆಂಚು ಕಾಯುತ್ತದೆ. ಹಿಂದೊಮ್ಮೆ ಕೆಲಸದ ಮೇಲೆ ಆ ಕಡೆ ಹೋದಾಗ ನಾನು ಆಲೂಗಡ್ಡೆ ಟ್ವಿಸ್ಟರ್ ತಿಂದಿದ್ದೆ. ಅದು ಲೆಕ್ಕಕ್ಕೆ ಬರುತ್ತದಾ ಅಂತ ಚರ್ಚೆಯಾಗಿ, ಬರುವುದಿಲ್ಲ ಎಂದು ತೀರ್ಮಾನವಾಯ್ತು.

ಮೊದಲು ಬಿಸಿ ಹೋಳಿಗೆ. ತುಪ್ಪ ಹಾಕಿ, ಕಾಗದದ ತಟ್ಟೆಯ ಮೇಲೆ. ತಿನ್ನುವ ಮುಂಚೆ ಬೆರಳು ಸುಡುತ್ತದೆ, ಅದೇ ಅದರ ರುಚಿ ಅಂತ ನನ್ನ ಅಭಿಪ್ರಾಯ. ಆಮೇಲೆ ಅಕ್ಕಿ ರೊಟ್ಟಿ. ಆಮೇಲೆ ಬಂಗಾರಪೇಟೆ ಪಾನಿಪುರಿ. ಇದರ ನೀರು ಹಸಿರಲ್ಲ, ಗಾಜಿನ ಹಾಗೆ ತಿಳಿ. ಮಾಣಿ "ಇದೆಂತದು, ಬರೀ ನೀರು ಕೊಟ್ಟಿದ್ದಾರೆ" ಅಂತ ಒಂದನ್ನು ಬಾಯಿಗೆ ಹಾಕಿಕೊಂಡ. ಎರಡು ಸೆಕೆಂಡು ಸುಮ್ಮನಿದ್ದ. ಆಮೇಲೆ ಕಣ್ಣಲ್ಲಿ ನೀರು. ಖಾರ ಎಲ್ಲಿ ಅಡಗಿಸಿಟ್ಟಿರುತ್ತಾರೋ ದೇವರೇ ಬಲ್ಲ.

ಸಜ್ಜನ್‌ರಾವ್ ಸರ್ಕಲ್ ಹತ್ತಿರ ವಿ.ಬಿ. ಬೇಕರಿ ಇದೆ, 1953ರದ್ದು. ಅಲ್ಲಿ ಖಾರಾ ಬನ್ ಜೊತೆ ಕಾಂಗ್ರೆಸ್ ಕಡ್ಲೇಕಾಯಿ ಕಟ್ಟಿಸಿಕೊಂಡೆವು. ಹುರಿದು, ಎರಡು ಹೋಳು ಮಾಡಿ, ಮೆಣಸು ಕರಿಬೇವು ಇಂಗು ಹಾಕಿದ ಕಡ್ಲೇಬೀಜ. ಈ ಹೆಸರು ಯಾಕೆ ಅಂತ ಸಾವ್ಕಾರ ಕೇಳಿದ. 1969ರಲ್ಲಿ ಕಾಂಗ್ರೆಸ್ ಪಕ್ಷ ಎರಡು ಹೋಳಾಯ್ತಲ್ಲ, ಆಗ ಹೋಳಾದ ಬೀಜಕ್ಕೂ ಅದೇ ಹೆಸರು ಬಂತು ಅನ್ನುವುದು ಪುಟ್ಟಿಯ ತಾತ ಹೇಳುತ್ತಿದ್ದ ಕತೆ. ಆ ಜುಲೈನಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ ನಡೆದದ್ದು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ, ಈ ಬೇಕರಿಯಿಂದ ನಡೆದು ಹೋಗುವಷ್ಟು ಹತ್ತಿರ. ಜಗಳ ಅಲ್ಲೇ ಕಾವೇರಿದ್ದು. ಹೆಸರಿನ ಕತೆ ನಿಜವೋ ಸುಳ್ಳೋ, ಇಷ್ಟು ಹತ್ತಿರದಲ್ಲಿ ನಿಂತು ಕೇಳಿದರೆ ನಂಬಬೇಕು ಅನ್ನಿಸುತ್ತದೆ.

ಸಾವ್ಕಾರ ಹೊರಡುವಾಗ ಅಂದ: "ದೋಸಿ ಮಾತ್ರ ಬಾಕಿ ಅದ. ಮರೀಬ್ಯಾಡ್ರಿ."

ಶನಿವಾರ

ಬೆಳಗ್ಗೆ ಯಾರೂ ಏನೂ ತಿನ್ನಬೇಡಿ ಅಂತ ಸಾವ್ಕಾರನ ಆಜ್ಞೆ. ಅವನ ಸರದಿ. ರಾಜಾಜಿನಗರದ ಒಂದು ಖಾನಾವಳಿ. ಬೋರ್ಡು ಚಿಕ್ಕದು, ಒಳಗೆ ಎಂಟು ಟೇಬಲ್. ತಿಂಗಳಿಗೊಮ್ಮೆ ಇಡೀ ಊರು ದಾಟಿ ಈ ರೊಟ್ಟಿಗೋಸ್ಕರ ಬರುತ್ತಾನಂತೆ. ನನ್ನ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಹದಿನೈದು ನಿಮಿಷ. ಆರು ವರ್ಷದಿಂದ ನಾನು ಅದರ ಮುಂದೆಯೇ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ.

ಬಾಗಿಲಲ್ಲೇ ಪಟ ಪಟ ಸದ್ದು. ಹಿಂದೆ ಇಬ್ಬರು ಅಕ್ಕಂದಿರು ರೊಟ್ಟಿ ಬಡಿಯುತ್ತಿದ್ದರು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗಿ ಇಲ್ಲ, ಲಟ್ಟಣಿಗೆ ಇಟ್ಟರೆ ಬಿರಿಯುತ್ತದೆ. ಹಾಗಾಗಿ ಕುದಿ ನೀರಲ್ಲಿ ಕಲೆಸಿ, ಅಂಗೈಯಲ್ಲೇ ಬಡಿದು ಬಡಿದು ಹಿಗ್ಗಿಸಬೇಕು. ಹೆಂಚಿಗೆ ಹಾಕಿ ಮೇಲೆ ನೀರು ಸವರುತ್ತಾರೆ. ತಿರುವಿ ಹಾಕಿದರೆ ಪೂರಿಯ ಹಾಗೆ ಉಬ್ಬುತ್ತದೆ. ನಾನು ನೋಡುತ್ತಲೇ ನಿಂತೆ. ಒಬ್ಬ ಅಕ್ಕ "ಕುಂದ್ರಿ, ತಂದ್ ಕೊಡ್ತೀವಿ" ಅಂತ ಓಡಿಸಿದರು.

ತಟ್ಟೆ ಬಂತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ಮಾಣಿ ಮೆಂತ್ಯದ ಸೊಪ್ಪನ್ನು ಅಲಂಕಾರ ಅಂದುಕೊಂಡು ಪಕ್ಕಕ್ಕೆ ತಳ್ಳಿದ. ಸಾವ್ಕಾರ ಅದನ್ನು ವಾಪಸ್ ತಟ್ಟೆಗೆ ಹಾಕಿ, "ಇದು ಹಸಿದೇ ತಿನ್ನೋದು, ರೊಟ್ಟಿ ಕೂಡ" ಅಂದ.

ಪುಂಡಿಪಲ್ಯ ನನಗೆ ಹೊಸದು. ಹುಳಿ ಸೊಪ್ಪು, ಜೊತೆಗೆ ಜೋಳದ ನುಚ್ಚೋ ಬೇಳೆಯೋ ಬಿದ್ದಿತ್ತು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಮೊದಲ ತುತ್ತಿಗೆ ಹಲ್ಲು ಚಳುಕು ಹಿಡಿಯಿತು. ಮೂರನೇ ತುತ್ತಿಗೆ ಇನ್ನೊಂದು ಸಲ ಕೇಳಿ ಹಾಕಿಸಿಕೊಂಡೆ. ಎಣ್ಣೆಗಾಯಿ ಬಗ್ಗೆ ಮಾತ್ರ ನನ್ನ ತಕರಾರಿದೆ: ಸ್ವಲ್ಪ ಬೆಲ್ಲ ಜಾಸ್ತಿ. ಹೇಳಿದ್ದಕ್ಕೆ ಸಾವ್ಕಾರ ಎರಡು ನಿಮಿಷ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಅವನೇ ಶುರು ಮಾಡಿದ. ಬೆಂಗಳೂರಿನವರು ದಿನಾ ಸಾಂಬಾರ್ ಕುಡಿತೀರಿ, ಆ ಬ್ಯಾಳಿ ಎಲ್ಲಿಂದ ಬರ್ತದ ಗೊತ್ತಾ? ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಬೇಳೆ ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ನಿಮ್ಮ ಯಾವ ಬೇಳೆಗೆ ಸಿಕ್ಕಿದೆ? ಪುಟ್ಟಿಗೆ ಉತ್ತರ ಇರಲಿಲ್ಲ. ನನಗೂ ಇರಲಿಲ್ಲ. ಮಾಣಿ ಮಾತ್ರ ಬಾಯಿ ತುಂಬಿಕೊಂಡೇ "ನಾವು ಬೇಳೆ ಬೆಳೀದಿಲ್ಲ, ಹೋಟ್ಲು ಬೆಳೀತೇವೆ" ಅಂದ.

ನಾಲ್ಕು ಜನಕ್ಕೆ 640 ರೂಪಾಯಿ. ಶೇಂಗಾ ಹೋಳಿಗೆ ಸೇರಿ. ಈ ಅಂಕಿ ನೆನಪಿಡಿ, ಸಂಜೆ ಬೇಕಾಗುತ್ತದೆ.

ಹೊರಗೆ ಬಂದು ಒಂದು ದರ್ಶಿನಿಯಲ್ಲಿ ಕಾಫಿಗೆ ನಿಂತೆವು. ಈ ನಿಂತು ತಿನ್ನುವ ಪದ್ಧತಿ ಹೀಗೆ ಹೆಸರಿನ ಸಮೇತ ಶುರುವಾದದ್ದು 1983ರಲ್ಲಿ, ಜಯನಗರದ ಕೆಫೆ ದರ್ಶಿನಿಯಿಂದ. ಮಾಣಿ "ನಾಲ್ಕು ಜನ, ಎರಡು ಬೈಟು" ಅಂದ. ಒಂದು ಕಾಫಿ ಎರಡು ಲೋಟಕ್ಕೆ. ಹನ್ನೊಂದು ವರ್ಷ ಈ ಊರಲ್ಲಿದ್ದು ಸಾವ್ಕಾರ ಬೈಟು ಕುಡಿದಿರಲಿಲ್ಲ. ವೈಟ್‌ಫೀಲ್ಡ್ ಆಫೀಸಿನ ಕಾಫಿ ಯಂತ್ರಕ್ಕೆ ಅರ್ಧ ಅನ್ನುವುದು ಗೊತ್ತಿಲ್ಲವಂತೆ.

ಸಂಜೆ ಇಂದಿರಾನಗರ. ನಾಲ್ವರಿಗೂ ಹೊಸದು, ಊರಿಗೂ ಹೊಸದು. ತೆರೆದು ಮೂರು ತಿಂಗಳು. ಹೆಸರು ಹೇಳುವುದಿಲ್ಲ.

ಎಂಟು ಗಂಟೆಗೆ ಬುಕ್ ಮಾಡಿದ್ದೆವು. ಎಂಟೂಮುಕ್ಕಾಲಿಗೆ ಕೂರಿಸಿದರು. ಬೆಳಕು ಎಷ್ಟು ಕಡಿಮೆ ಅಂದರೆ ಪಕ್ಕದ ಟೇಬಲಿನವರೂ ನಾವೂ ಫೋನ್ ಟಾರ್ಚ್ ಹಾಕಿ ತಟ್ಟೆ ನೋಡುತ್ತಿದ್ದೆವು. ಕರೆಂಟ್ ಹೋದ ಮದುವೆ ಮನೆಯಂತಿತ್ತು. ಮೆನು ಕ್ಯೂಆರ್ ಕೋಡಿನಲ್ಲಿ. ಅದರಲ್ಲಿ ನನ್ನೂರಿನ ಮುದ್ದೆ ಇತ್ತು. ಹೆಸರು ಮಾತ್ರ ಬದಲಾಗಿತ್ತು: "ರಾಗಿ ಬೈಟ್ಸ್". ನಿಂಬೆಹಣ್ಣಿನ ಗಾತ್ರದ ನಾಲ್ಕು ಉಂಡೆ, ಒಂದೊಂದರ ತಲೆಯ ಮೇಲೆ ಒಂದೊಂದು ಚಮಚ ಬಸ್ಸಾರು, ಅದರ ಮೇಲೆ ಒಂದು ಹೂವಿನ ಎಸಳು. 545 ರೂಪಾಯಿ. ನನ್ನ ಅಜ್ಜಿ ಅದನ್ನು ನೋಡಿದ್ದರೆ ಉಳಿದ ಮುದ್ದೆ ಎಲ್ಲಿ ಅಂತ ಅಡುಗೆ ಮನೆಗೆ ನುಗ್ಗುತ್ತಿದ್ದರು.

ಬಿಸಿಬೇಳೆಬಾತ್ ಗಾಜಿನ ಜಾಡಿಯಲ್ಲಿ ಬಂತು. ಬೂಂದಿ ಬೇರೆ, ತುಪ್ಪ ಬೇರೆ, ನಾವೇ ಸೇರಿಸಿಕೊಳ್ಳಬೇಕು. ಜಾಡಿಯ ಬಾಯಿ ಚಿಕ್ಕದು, ಚಮಚ ದೊಡ್ಡದು. ಮಾಣಿ ಕೊನೆಗೆ ಜಾಡಿಯನ್ನೇ ತಟ್ಟೆಗೆ ಬೋರಲು ಹಾಕಿ ತಟ್ಟಿದ.

ಆದರೆ ಸುಳ್ಳು ಹೇಳಬಾರದು. ಎಳೇ ಹಲಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಗಾಂಧಾರಿ ಮೆಣಸಿನ ಚಟ್ನಿ ಸವರಿ, ಪುಟ್ಟ ಅಕ್ಕಿ ರೊಟ್ಟಿಯಲ್ಲಿ ಮಡಚಿ ಕೊಟ್ಟರು. ಅದು ಅದ್ಭುತವಾಗಿತ್ತು. ಎರಡು ಸಲ ತರಿಸಿದೆವು. ಆ ಅಡುಗೆಯವನಿಗೆ ಕೈ ಇದೆ. ಅವನನ್ನು ಅವನ ಪಾಡಿಗೆ ಬಿಟ್ಟು, ಹೂವು ಇಡುವವನನ್ನು ಮನೆಗೆ ಕಳಿಸಿದರೆ ಸಾಕು.

ಬಿಲ್ಲು ಬಂತು. ಊಟ 4,940. ಸರ್ವಿಸ್ ಚಾರ್ಜ್ ಶೇಕಡ 10, ಅಂದರೆ 494. ಅದೆಲ್ಲದರ ಮೇಲೆ ಶೇಕಡ 5 ಜಿಎಸ್‌ಟಿ. ಒಟ್ಟು 5,705 ರೂಪಾಯಿ 70 ಪೈಸೆ. ಸಾವ್ಕಾರ ವಾಡಿಕೆಯಂತೆ ಕೈ ಚಾಚಿದ. ಈ ಸಲ ಪುಟ್ಟಿ ಅವನ ಕೈಯಿಂದ ಕಿತ್ತುಕೊಂಡಳು. ಆಡಿಟರ್ ಎಚ್ಚರಗೊಂಡಿದ್ದಳು.

ಹುಡುಗನನ್ನು ಕರೆದು ಮೆಲ್ಲಗೆ ಹೇಳಿದಳು. ಸರ್ವಿಸ್ ಚಾರ್ಜ್ ಅನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ತೆಗೆದುಬಿಡಿ. ಹುಡುಗ ಮ್ಯಾನೇಜರ್ ಕರೆದ. ಮ್ಯಾನೇಜರ್ "ಅದು ನಮ್ಮ ಪಾಲಿಸಿ ಮೇಡಂ" ಅಂದರು. ಪುಟ್ಟಿ ಫೋನ್ ತೆಗೆದು ಆ ಸುದ್ದಿ ತೋರಿಸಿದಳು. ಅವರು ಟಾರ್ಚ್ ಬೆಳಕಿನಲ್ಲಿ ಓದಿದರು. ಹೊಸ ಬಿಲ್ಲು ಬಂತು, 5,187. ಉಳಿದದ್ದು 518 ರೂಪಾಯಿ 70 ಪೈಸೆ. ಅದರಲ್ಲಿ 300 ರೂಪಾಯಿಯನ್ನು ಅವಳೇ ಆ ಹುಡುಗನ ಕೈಗೆ ಕೊಟ್ಟಳು. ಜಗಳ ಅವನ ಜೊತೆ ಅಲ್ವಲ್ಲ.

ಆಟೋದಲ್ಲಿ ಕೂತ ಮೇಲೆ ಸಾವ್ಕಾರ ಹೊಟ್ಟೆ ಮುಟ್ಟಿಕೊಂಡು ಕೇಳಿದ, "ಇಲ್ಲೆ ಎಲ್ಲೆರ ದೋಸಿ ಸಿಗ್ತದೇನು?"

ಭಾನುವಾರ

ನನ್ನ ಸರದಿ ಬೆಳಗ್ಗೆ ಒಂಬತ್ತಕ್ಕೆ. ಮಿಲಿಟರಿ ಹೋಟೆಲ್. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಎಲ್ಲರ ಬಾಯಲ್ಲಿರುವ ಹೆಸರು, ಆದರೆ ಮಾಣಿ ಅಲ್ಲಿ ಮೊದಲೇ ತಿಂದಿದ್ದ. ನಿಯಮದ ಪ್ರಕಾರ ಔಟ್. ಹಾಗಾಗಿ ಮಾಗಡಿ ರಸ್ತೆ ಕಡೆಯ ನನ್ನ ಖಾಯಂ ಜಾಗಕ್ಕೆ ಕರೆದುಕೊಂಡು ಹೋದೆ. ಕಲ್ಲಿನ ಟೇಬಲ್, ಗೋಡೆಗೆ ಹಳೇ ಕ್ಯಾಲೆಂಡರ್, ಬಾಳೆ ಎಲೆ.

ಈ ಹೋಟೆಲ್‌ಗಳನ್ನು ಹಿಂದೆ ಹೆಚ್ಚಾಗಿ ಮರಾಠಿ ಮನೆತನದವರು ನಡೆಸುತ್ತಿದ್ದರು. ಬ್ರಾಹ್ಮಣರ ಕಾಫಿ ಕ್ಲಬ್ಬುಗಳು ಒಂದು ಕಡೆ, ಮಾಂಸದೂಟದ ಮಿಲಿಟರಿ ಹೋಟೆಲ್‌ಗಳು ಇನ್ನೊಂದು ಕಡೆ. ಬೋರ್ಡು ನೋಡಿದರೇ ಯಾರು ಎಲ್ಲಿಗೆ ಅಂತ ತಿಳಿಯುತ್ತಿತ್ತು. ಪುಟ್ಟಿ ಹುಟ್ಟಿದ್ದು ಕಾಫಿ ಕ್ಲಬ್ಬಿನ ಕಡೆ. ಹೊರಗೆ ಮಾಂಸ ತಿನ್ನಲು ಶುರು ಮಾಡಿ ಹತ್ತು ವರ್ಷವಾಗಿದೆ, ಬರ್ಗರ್ ತಿಂದಿದ್ದಾಳೆ, ಶವರ್ಮಾ ತಿಂದಿದ್ದಾಳೆ. ಆದರೆ ಮಿಲಿಟರಿ ಹೋಟೆಲ್ ಹೊಸಿಲು ದಾಟಿರಲಿಲ್ಲ. "ಯಾಕೋ ಅದೊಂದು ಧೈರ್ಯ ಬರ್ಲಿಲ್ಲ" ಅಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು ಕೂಡ. ನಾನು ಏನೂ ಹೇಳಲಿಲ್ಲ. ಸುಮ್ನೆ ಕೈ ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವಳು ಎಲೆಗೆ ನೀರು ಚಿಮುಕಿಸಿ ಒರೆಸುತ್ತಾ ಕೂತಿದ್ದಳು.

ಮುದ್ದೆ, ನಾಟಿಕೋಳಿ ಸಾರು, ತಲೆ ಮಾಂಸ, ಕೈಮಾ ಉಂಡೆ. ಮುದ್ದೆ ನಿನ್ನೆಯದರ ಹತ್ತರಷ್ಟಿತ್ತು, ಹೂವು ಇರಲಿಲ್ಲ. ಸಾವ್ಕಾರ ಒಂದು ತುಂಡು ಬಾಯಿಗಿಟ್ಟು ಜೋರಾಗಿ ಅಗಿಯತೊಡಗಿದ.

"ಅಗೀಬ್ಯಾಡ ಕಣೋ! ನುಂಗು."

ತಡವಾಗಿತ್ತು. ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಾಗಿಬಿಟ್ಟಿದ್ದವು. ಬಡಿಸುತ್ತಿದ್ದ ಅಣ್ಣ ನಿಂತು ನೋಡಿದರು. ಆಮೇಲೆ ತಾವೇ ಪಾಠ ಶುರು ಮಾಡಿದರು. ಬೆರಳಿಗೆ ಸಾರು ಮುಟ್ಟಿಸ್ಕೊಳಿ ಸಾರ್, ಗೋಲಿಯಷ್ಟು ಮುರೀರಿ, ಸಾರಲ್ಲಿ ಉರುಳಿಸಿ, ಗಂಟ್ಲಿಗೆ ಬಿಡಿ, ಅದೇ ಹೋಗ್ತದೆ. ನಾಲ್ಕನೇ ತುತ್ತಿಗೆ ಸಾವ್ಕಾರನಿಗೆ ಹಿಡಿತ ಸಿಕ್ಕಿತು. ರೊಟ್ಟಿ ತಿನ್ನುವ ಬಾಯಿಗೆ ನುಂಗುವುದು ಕಲಿಯುವುದು ಕಷ್ಟ, ಒಪ್ಪುತ್ತೇನೆ.

ದೊನ್ನೆ ಬಿರಿಯಾನಿ ಒಂದೇ ಹೇಳಿ ಹಂಚಿಕೊಂಡೆವು. ಸಣ್ಣ ಕಾಳಿನ ಜೀರಾ ಸಾಂಬಾ ಅಕ್ಕಿ, ಪುದೀನ ಕೊತ್ತಂಬರಿಯ ಹಸಿರು. ಪುಟ್ಟಿ ದೊನ್ನೆಯ ತಳ ಕೆರೆದು ತಿಂದಳು. ಕೈ ತೊಳೆದು ಬಂದು ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದವರನ್ನು "ಸೋಮವಾರ ತೆಗೆದಿರ್ತೀರಾ?" ಅಂತ ಕೇಳಿದಳು. ಶುಕ್ರವಾರದ ಪಾಠ ಕಲಿತಿದ್ದಾಳೆ.

ಮಧ್ಯಾಹ್ನ ಮಾಣಿಯ ಮೀನಿನೂಟ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಯಾರಿಗೂ ಹಸಿವಿರಲಿಲ್ಲ. ಮೂರು ಗಂಟೆಗೆ ಹೋದೆವು. ಮಾಣಿ ಕೌಂಟರಿನವರನ್ನು ಕುಂದಾಪ್ರ ಕನ್ನಡದಲ್ಲಿ "ಎಂಥ ಮೀನ್ ಇತ್ತ್?" ಅಂತ ಕೇಳಿದ. ಅವರ ಮುಖ ಅರಳಿತು, ಉತ್ತರ ಮಾತ್ರ ಅರಳಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಮಳೆಗಾಲದ ಕಡಲು ಬೇರೆ. ಇರುವುದು ಐಸಿನಲ್ಲಿಟ್ಟ ಅಂಜಲ್, ರೇಟು ನೋಡಿ ಮಾಣಿಯೇ ಬೇಡ ಅಂದ. ಕೋಳಿ ಸುಕ್ಕ, ನೀರುದೋಸೆ ತಿಂದೆವು. ನೀರುದೋಸೆ ಕರ್ಚೀಫಿನಷ್ಟು ತೆಳ್ಳಗೆ, ಚೆನ್ನಾಗಿತ್ತು. "ಇದೂ ದೋಸಿನೇ, ಲೆಕ್ಕಾ ಆತೇನು?" ಅಂದಳು ಪುಟ್ಟಿ, ಸಾವ್ಕಾರನನ್ನು ಅಣಕಿಸುತ್ತಾ. ಅವನು ತಲೆ ಅಲ್ಲಾಡಿಸಿದ. ಮಾಣಿ ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರಬೇಕು ಅಂತ ನಮ್ಮಿಂದ ಮಾತು ತೆಗೆದುಕೊಂಡ.

ಸಂಜೆ ಐದೂವರೆಗೆ ಮತ್ತೆ ಗಾಂಧಿ ಬಜಾರ್. ಈ ಸಲ ಬಾಗಿಲು ತೆರೆದಿತ್ತು. ಬಾಗಿಲ ಮುಂದೆ ಜನ. ಹೆಸರು ಬರೆಸಿ ರಸ್ತೆ ಬದಿಯಲ್ಲಿ ನಿಂತೆವು. ಮಳೆ ಬಂತು, ಹೂವಿನ ಅಂಗಡಿಯ ಟಾರ್ಪಾಲಿನ ಕೆಳಗೆ ಸೇರಿಕೊಂಡೆವು. ಹಣ್ಣಿನ ಅಜ್ಜಿ ಗುರುತು ಹಿಡಿದರು. "ಇವತ್ತು ತೆಗ್ದದೆ ಹೋಗ್ರಪ್ಪ" ಅಂದರು. ನಲವತ್ತು ನಿಮಿಷ ಕಾದೆವು. ಹಸಿವೇ ಇಲ್ಲ ಅಂತ ಬಂದವರಿಗೆ ಒಳಗಿನ ತುಪ್ಪದ ವಾಸನೆ ಬಂದು ಬಂದು ಹೊಟ್ಟೆ ನಿಧಾನವಾಗಿ ಮನಸ್ಸು ಬದಲಾಯಿಸುತ್ತಿತ್ತು.

ಹೆಸರು ಕೂಗಿದರು. ಸಾಹಿತಿಗಳ ಚಿತ್ರಗಳಿರುವ ಗೋಡೆಯ ಕೆಳಗೆ, ಇನ್ನಿಬ್ಬರು ಅಪರಿಚಿತರ ಜೊತೆ ಒತ್ತಿಕೊಂಡು ಕೂತೆವು. ಬಿಳಿ ಪಂಚೆಯ ಒಬ್ಬರು ಅಂಗೈಯಿಂದ ಭುಜದವರೆಗೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಟೇಬಲುಗಳ ಸಂದಿಯಲ್ಲಿ ಬಂದರು. ಸಾವ್ಕಾರ ಬಾಯಿ ತೆರೆದು ಆ ತಟ್ಟೆಗಳನ್ನು ಎಣಿಸುತ್ತಿದ್ದ. ಹತ್ತಕ್ಕೆ ಬಂದಾಗ ಲೆಕ್ಕ ತಪ್ಪಿತು.

"ಎಷ್ಟು ಮಸಾಲೆ?"

ನಾವು ಮುಖ ಮುಖ ನೋಡಿಕೊಂಡೆವು. ಬೆಳಗ್ಗೆ ಮುದ್ದೆ, ಮಧ್ಯಾಹ್ನ ನೀರುದೋಸೆ.

"ಒಂದು," ಅಂದಳು ಪುಟ್ಟಿ. "ನಾಲ್ಕು ಭಾಗ ಮಾಡ್ಕೋತೀವಿ."

"ಐದು," ಅಂದ ಸಾವ್ಕಾರ. "ಅವರಿಗೆ ಒಂದೊಂದು. ನನಗ ಎರಡು."